ಹಳೆಯ ಡೀಸೆಲ್ ಲಾರಿಗೆ ಆರ್‌ಪಿಎಂ ಮೀಟರ್: ಯಾವುದನ್ನು ಆರಿಸಬೇಕು, ಹೇಗೆ ಕೂರಿಸಬೇಕು

ಸಕಲೇಶಪುರ ದಾಟಿ ದೋಣಿಗಾಲಿನಿಂದ ಶಿರಾಡಿ ಘಾಟಿ ಇಳಿಯುವ ಹಳೆಯ ಲಾರಿಗಳಲ್ಲಿ ಬಹುಪಾಲು ಚಾಲಕರು ಎಂಜಿನ್ನಿನ ವೇಗವನ್ನು, ಅಂದರೆ ನಿಮಿಷಕ್ಕೆ ಅದು ಎಷ್ಟು ಸುತ್ತು ತಿರುಗುತ್ತದೆ ಎಂಬ ಆರ್‌ಪಿಎಂ ಅನ್ನು, ಇಂದಿಗೂ ಕಿವಿಯಿಂದಲೇ ಅಳೆಯುತ್ತಾರೆ. ಹತ್ತಾರು ವರ್ಷ ಒಂದೇ ಲಾರಿ ಓಡಿಸಿದವರ ಕಿವಿ ಸಾಮಾನ್ಯವಾಗಿ ತಪ್ಪುವುದಿಲ್ಲ. ಆದರೆ ಆಷಾಢದ ಮಳೆಗೆ ಗಾಜು ಏರಿಸಿ ಕುಳಿತಾಗ, ಸೈಲೆನ್ಸರಿನಲ್ಲಿ ತೂತು ಬಿದ್ದು ಸದ್ದು ಬದಲಾದಾಗ, ಅಥವಾ ಹೊಸ ಚಾಲಕರ ಕೈಗೆ ಲಾರಿ ಕೊಡಬೇಕಾಗಿ ಬಂದಾಗ ಆ ಕಿವಿಯ ಲೆಕ್ಕ ನೆರವಿಗೆ ಬರುವುದಿಲ್ಲ. ತೋಟಗಳಿಂದ ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಮೂಟೆ ಸಾಗಿಸುವ ನಮ್ಮ ಆರು ಸಿಲಿಂಡರಿನ ಲಾರಿಗೆ ಆರ್‌ಪಿಎಂ ಮೀಟರ್ ಹಾಕಿಸಲು ಹೊರಟಾಗ, ಮೊದಲು ತಪ್ಪು ಮೀಟರ್ ಕೊಂಡು, ಆಮೇಲೆ ಸರಿಯಾದುದನ್ನು ತಪ್ಪಾಗಿ ಕೂರಿಸಿ ಕಲಿತ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ಡೀಸೆಲ್ ಎಂಜಿನ್ನಿಗೆ ವೇಗ ಮಿತಿ ಮೀರದಂತೆ ನೋಡಿಕೊಳ್ಳುವ ಗವರ್ನರ್ ಇರುವಾಗ ಮೀಟರಿನ ಅಗತ್ಯವೇನು ಎಂದು ಕೇಳುವವರುಂಟು. ಗವರ್ನರ್ ತಡೆಯಬಲ್ಲುದು ಇಂಧನವನ್ನು ಮಾತ್ರ. ಇಳಿಜಾರಿನಲ್ಲಿ ತುಂಬಿದ ಲಾರಿಯ ತೂಕವೇ ಚಕ್ರಗಳ ಮೂಲಕ ಎಂಜಿನ್ನನ್ನು ತಿರುಗಿಸತೊಡಗಿದರೆ, ಪಂಪು ಒಂದು ಹನಿ ಡೀಸೆಲ್ ಕೊಡದಿದ್ದರೂ ಆರ್‌ಪಿಎಂ ಏರುತ್ತಲೇ ಹೋಗುತ್ತದೆ. ವಾಲ್ವ್ ಸ್ಪ್ರಿಂಗುಗಳು ಕ್ಯಾಮಿನ ವೇಗಕ್ಕೆ ಹೊಂದಿಕೊಳ್ಳಲಾರದ ಹಂತ ತಲುಪಿದರೆ ವಾಲ್ವು ಪಿಸ್ಟನ್ನಿಗೆ ತಾಗಿ, ಪುಶ್‌ರಾಡ್ ಬಾಗಿ, ಎಂಜಿನ್ ಬಿಚ್ಚುವ ಕೆಲಸಕ್ಕೇ ದಾರಿಯಾಗುತ್ತದೆ. ಹತ್ತುವಾಗಿನ ತೊಂದರೆ ಇದಕ್ಕೆ ತದ್ವಿರುದ್ಧ. ಗೇರ್ ಇಳಿಸಲು ಸೋಮಾರಿತನ ಮಾಡಿ ಎಂಜಿನ್ನನ್ನು ಒದ್ದಾಡಿಸಿದರೆ ಕಪ್ಪು ಹೊಗೆ ಬರುತ್ತದೆ, ಡೀಸೆಲ್ ವ್ಯರ್ಥವಾಗುತ್ತದೆ, ಎಂಜಿನ್ ಕಾಯುತ್ತದೆ. ಆದ್ದರಿಂದ ಈ ಮೀಟರಿನಿಂದ ನಾವು ಬಯಸುವುದು ಹತ್ತು ಇಪ್ಪತ್ತು ಆರ್‌ಪಿಎಂನ ನಿಖರತೆಯನ್ನಲ್ಲ. ಎರಡನೆಯ ಗೇರಿನಲ್ಲಿ ತಿರುವು ಇಳಿಯುವಾಗ ಮುಳ್ಳು ಪ್ರತಿ ಸಲವೂ ಒಂದೇ ರೀತಿಯಲ್ಲಿ, ತಡವರಿಸದೆ ನಿಜ ಹೇಳಬೇಕು ಎಂಬುದಷ್ಟೇ.

ಕೊಳ್ಳುವ ಮೊದಲು ಲಾರಿಯನ್ನು ನೋಡಿ

ಅಂಗಡಿಗೆ ಹೋಗುವ ಮೊದಲು ಮೂರು ಸಂಗತಿಗಳನ್ನು ತಿಳಿದುಕೊಂಡಿರಬೇಕು. ಒಂದನೆಯದು ವೋಲ್ಟೇಜ್. ಎರಡು 12 ವೋಲ್ಟಿನ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದ್ದರೆ ಲಾರಿ 24 ವೋಲ್ಟಿನದು. ಬ್ಯಾಟರಿ ಎರಡಿದ್ದ ಮಾತ್ರಕ್ಕೆ 24 ಎಂದು ನಂಬದೆ, ಮಲ್ಟಿಮೀಟರಿನಿಂದ ಅಳೆದೇ ನೋಡಬೇಕು. 24 ವೋಲ್ಟಿನ ಲಾರಿಗೆ 12 ವೋಲ್ಟಿನ ಮೀಟರ್ ಹಾಕಲು ಎರಡು ಬ್ಯಾಟರಿಗಳ ನಡುವಿನ ಪಟ್ಟಿಯಿಂದ ವೈರ್ ಎಳೆಯುವ ಅಭ್ಯಾಸ ನಮ್ಮ ಕಡೆ ಟೇಪ್‌ರೆಕಾರ್ಡರಿನ ಕಾಲದಿಂದಲೂ ಇದೆ. ಹಾಗೆ ಮಾಡಿದರೆ ಒಂದು ಬ್ಯಾಟರಿ ಮಾತ್ರ ಖಾಲಿಯಾಗುತ್ತ, ಇನ್ನೊಂದು ಅತಿಯಾಗಿ ಚಾರ್ಜ್ ಆಗುತ್ತ, ಎರಡೂ ಅವಧಿಗೆ ಮುಂಚೆಯೇ ಹಾಳಾಗುತ್ತವೆ. 24 ವೋಲ್ಟಿಗೆಂದೇ ತಯಾರಾದ, ಇಲ್ಲವೇ ಎರಡಕ್ಕೂ ಒಗ್ಗುವ ಮೀಟರನ್ನೇ ಕೊಳ್ಳಬೇಕು.

ಎರಡನೆಯದು, ಚಾರ್ಜ್ ಮಾಡುವ ಯಂತ್ರ ಯಾವುದು ಎಂಬುದು. ನಮ್ಮಲ್ಲಿ ಎಲ್ಲವನ್ನೂ ಡೈನಮೋ ಎಂದೇ ಕರೆಯುವುದರಿಂದ ಗೊಂದಲವಾಗುತ್ತದೆ. ನಿಜವಾದ ಹಳೆಯ ಡೈನಮೋ ಉದ್ದನೆಯ ಕೊಳವೆಯಂತಿರುತ್ತದೆ, ಹಿಂಭಾಗದಲ್ಲಿ ಕಾರ್ಬನ್ ಬ್ರಷ್‌ಗಳು ಕಮ್ಯುಟೇಟರಿನ ಮೇಲೆ ಕುಳಿತಿರುತ್ತವೆ. ಆಲ್ಟರ್ನೇಟರ್ ಗಿಡ್ಡಗೆ, ದಪ್ಪಗೆ, ಗಾಳಿಯಾಡುವ ಕಿಂಡಿಗಳೊಂದಿಗೆ ಇರುತ್ತದೆ. ಮೂರನೆಯದು, ಎಂಜಿನ್ನಿನ ಗವರ್ನರ್ ಮಿತಿ. ನಮ್ಮ ರಸ್ತೆಗಳಲ್ಲಿ ಉಳಿದಿರುವ ಹಳೆಯ ಆರು ಸಿಲಿಂಡರ್ ಎಂಜಿನ್‌ಗಳಲ್ಲಿ ಅದು ಸಾಮಾನ್ಯವಾಗಿ 2400ರಿಂದ 2800ರ ನಡುವೆ ಇರುತ್ತದೆ. (ಟಾಟಾದ 697 ಎಂಜಿನ್ನಿನ ಹೆಸರಿನಲ್ಲೇ ಆರು ಸಿಲಿಂಡರ್, 97 ಮಿ.ಮೀ. ಬೋರ್ ಎಂಬ ಲೆಕ್ಕ ಅಡಗಿದೆ; 5675 ಸಿಸಿಯ ಆ ಎಂಜಿನ್ನನ್ನು ಕಿವಿಯಿಂದ ಬಲ್ಲವರು ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಇದ್ದಾರೆ.) ಹೀಗಿರುವಾಗ 8000ದವರೆಗೆ ಅಂಕಿಗಳಿರುವ ಮೀಟರ್ ಕೊಂಡರೆ ನಮಗೆ ಬೇಕಾದ ಭಾಗವೆಲ್ಲ ಮೊದಲ ಮೂರನೆಯ ಒಂದು ಭಾಗದಲ್ಲೇ ಮುಗಿದುಹೋಗುತ್ತದೆ. 3000 ಅಥವಾ 4000ದವರೆಗಿನ ಮೀಟರ್ ಸರಿಯಾದುದು; ಇಳಿಜಾರಿನಲ್ಲಿ ಮಿತಿ ಮೀರಿದರೂ ಮುಳ್ಳು ತೋರಿಸಬೇಕಾದ್ದರಿಂದ ನನ್ನ ಆಯ್ಕೆ 4000ದ್ದು.

ಪೆಟ್ರೋಲ್ ಗಾಡಿಯ ಮೀಟರ್ ಏಕೆ ನಡೆಯುವುದಿಲ್ಲ

ಪೆಟ್ರೋಲ್ ಎಂಜಿನ್ನಿನಲ್ಲಿ ಇಗ್ನಿಷನ್ ಕಾಯಿಲ್ ಇರುತ್ತದೆ, ಅದರ ಪ್ರತಿ ಕಿಡಿಯೂ ಮೀಟರಿಗೆ ಒಂದು ಮಿಡಿತ. ನಾಲ್ಕು ಸಿಲಿಂಡರಿಗೆ ಎಂಜಿನ್ನಿನ ಒಂದು ಸುತ್ತಿಗೆ ಎರಡು ಮಿಡಿತ, ಆರಕ್ಕೆ ಮೂರು, ಎಂಟಕ್ಕೆ ನಾಲ್ಕು. ಡೀಸೆಲ್‌ನಲ್ಲಿ ಕಾಯಿಲೂ ಇಲ್ಲ, ಕಿಡಿಯೂ ಇಲ್ಲ. ಮಿಡಿತವನ್ನು ನಾವೇ ಬೇರೆಡೆ ಹುಡುಕಿಕೊಳ್ಳಬೇಕು. ಒಬ್ಬ ಅಂಗಡಿಯವರು ‘ಎಲ್ಲ ಗಾಡಿಗೂ ಆಗುತ್ತದೆ’ ಎಂದು ಕೊಟ್ಟ ಮೀಟರನ್ನು ಎಂಟು ಸಿಲಿಂಡರಿನ ಗುರುತಿಗೆ ತಿರುಗಿಸಿ ಆಲ್ಟರ್ನೇಟರಿಗೆ ಜೋಡಿಸಿದೆವು. ಎಂಜಿನ್ ಐಡಲ್‌ನಲ್ಲಿ ಗುಡುಗುಡು ಎನ್ನುತ್ತಿದ್ದರೆ ಮುಳ್ಳು 2300 ದಾಟಿ ನಿಂತಿತ್ತು. ಮೀಟರ್ ಕೆಟ್ಟಿರಲಿಲ್ಲ, ಸುತ್ತಿಗೆ ನಾಲ್ಕು ಮಿಡಿತವನ್ನು ನಿರೀಕ್ಷಿಸುತ್ತಿದ್ದ ಅದಕ್ಕೆ ಹದಿನೈದಕ್ಕೂ ಹೆಚ್ಚು ಮಿಡಿತಗಳು ತಲುಪುತ್ತಿದ್ದವು. ಆದುದರಿಂದ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಎಷ್ಟು ಸಿಲಿಂಡರ್ ಎಂಬುದಲ್ಲ. ಆಲ್ಟರ್ನೇಟರಿಗೆ ಅಥವಾ ಫ್ಲೈವೀಲಿನ ಹಲ್ಲು ಎಣಿಸುವ ಪಿಕಪ್ಪಿಗೆ ಒಗ್ಗುತ್ತದೆಯೇ, ಸುತ್ತಿಗೆ ಎಷ್ಟು ಮಿಡಿತ ಎಂಬುದನ್ನು ನಾವೇ ಹೊಂದಿಸಬಹುದೇ ಎಂಬುದು. ಹೊಂದಿಸುವ ಸ್ಕ್ರೂ ಅಥವಾ ಸಣ್ಣ ಸ್ವಿಚ್ಚುಗಳು ಹಿಂಭಾಗದಲ್ಲಿ ಇಲ್ಲದ ಮೀಟರನ್ನು ಎಷ್ಟೇ ಅಗ್ಗವಾದರೂ ಬಿಡುವುದು ಲೇಸು.

ಆಲ್ಟರ್ನೇಟರಿನ ಡಬ್ಲ್ಯು ತುದಿ

ಹೆಚ್ಚಿನವರಿಗೆ ಒಪ್ಪುವ ದಾರಿ ಇದೇ. ಆಲ್ಟರ್ನೇಟರಿನೊಳಗೆ ಹುಟ್ಟುವುದು ಎಸಿ ವಿದ್ಯುತ್. ಡಯೋಡುಗಳು ಅದನ್ನು ಡಿಸಿ ಮಾಡುವ ಮುನ್ನವೇ ಒಂದು ಸುರುಳಿಯಿಂದ ಹೊರಗೆ ತಂದ ತುದಿಯನ್ನು ಡಬ್ಲ್ಯು ಎಂದು ಗುರುತಿಸಿರುತ್ತಾರೆ. ರೋಟರಿನಲ್ಲಿ 12 ಧ್ರುವಗಳಿದ್ದರೆ ಆಲ್ಟರ್ನೇಟರಿನ ಒಂದು ಸುತ್ತಿಗೆ ಆರು ಮಿಡಿತಗಳು ಬರುತ್ತವೆ. ಎಂಜಿನ್ನಿನ ಪುಲ್ಲಿ ದೊಡ್ಡದು, ಆಲ್ಟರ್ನೇಟರಿನದು ಚಿಕ್ಕದು; ಎಂಜಿನ್ ಒಂದು ಸುತ್ತುವಷ್ಟರಲ್ಲಿ ಆಲ್ಟರ್ನೇಟರ್ ಎರಡೂವರೆ ಸುತ್ತಿದರೆ ಒಟ್ಟು ಮಿಡಿತ 15.

ಡಬ್ಲ್ಯು ತುದಿ ಇಲ್ಲದ ಆಲ್ಟರ್ನೇಟರೂ ಇರುತ್ತದೆ. ಅದಕ್ಕೆ ಹೆದರಬೇಕಾಗಿಲ್ಲ, ವೈಂಡಿಂಗ್ ಮಾಡುವವರು ಹಿಂಬದಿಯ ಮುಚ್ಚಳ ಬಿಚ್ಚಿ, ಡಯೋಡ್ ಪ್ಲೇಟಿಗೆ ಸೇರುವ ಮೂರು ಸುರುಳಿ ತುದಿಗಳಲ್ಲಿ ಯಾವುದಾದರೂ ಒಂದಕ್ಕೆ ವೈರ್ ಬೆಸೆದು ಹೊರಗೆ ತಂದುಕೊಡಬಲ್ಲರು. ಹಾಗೆ ತಂದ ವೈರ್ ಬಾಡಿಗೆ ತಾಗಿದರೆ ಡಯೋಡ್ ಸುಡುತ್ತದೆ ಎಂಬುದನ್ನು ಅವರಿಗೆ ನೆನಪಿಸಿ, ಹೊರಬರುವ ತೂತಿಗೆ ರಬ್ಬರ್ ಗ್ರಾಮೆಟ್ ಹಾಕಿಸಿಕೊಳ್ಳಬೇಕು.

ಈ ದಾರಿಯ ಗುಣವೆಂದರೆ ಎಂಜಿನ್ನಿನಲ್ಲಿ ಏನನ್ನೂ ಕೊರೆಯಬೇಕಾಗಿಲ್ಲ. ಅರ್ಧ ದಿನದ ಕೆಲಸ. ಇನ್ನೊಂದು ಅನಿರೀಕ್ಷಿತ ಉಪಕಾರವೂ ಇದೆ: ಬೆಲ್ಟ್ ತುಂಡಾದರೆ ಅಥವಾ ಆಲ್ಟರ್ನೇಟರ್ ನಿಂತರೆ ಮುಳ್ಳು ತಕ್ಷಣ ಸೊನ್ನೆಗೆ ಬೀಳುತ್ತದೆ. ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುವ ಎಂಜಿನ್ನಿನಲ್ಲಿ ಅದು ಟೆಂಪರೇಚರ್ ಮೀಟರಿಗಿಂತ ಮೊದಲು ಸಿಗುವ ಎಚ್ಚರಿಕೆ.

ದೋಷ ಹುಟ್ಟುವುದು ಬೆಲ್ಟಿನಿಂದ. ಪುಲ್ಲಿಗಳ ಹೊರ ಅಂಚನ್ನು ಅಳೆದು ಭಾಗಿಸುವವರು ಇಲ್ಲಿ ಎಡವುತ್ತಾರೆ. ನಾವು ಅಳೆದಾಗ ಎಂಜಿನ್ನಿನ ಪುಲ್ಲಿ 172 ಮಿ.ಮೀ., ಆಲ್ಟರ್ನೇಟರಿನದು 70 ಮಿ.ಮೀ. ಇತ್ತು; ಭಾಗಿಸಿದರೆ 2.46, ಆರರಿಂದ ಗುಣಿಸಿದರೆ ಸುತ್ತಿಗೆ 14.7 ಮಿಡಿತ. ಆದರೆ ವಿ ಬೆಲ್ಟ್ ಎಳೆಯುವುದು ಅಂಚಿನಲ್ಲಿ ಅಲ್ಲ, ಕಾಲುವೆಯೊಳಗೆ ಸುಮಾರು ಮೂರು ಮಿ.ಮೀ. ಕೆಳಗೆ. ಎರಡೂ ವ್ಯಾಸಗಳಿಂದ ಆರಾರು ಮಿ.ಮೀ. ಕಳೆದರೆ 166 ಮತ್ತು 64, ಅಂದರೆ 2.59, ಮಿಡಿತ 15.6. ಮೊದಲ ಲೆಕ್ಕದಲ್ಲಿ ಹೊಂದಿಸಿದ ಮೀಟರ್ ನಿಜವಾದ 1500ಕ್ಕೆ 1580ರ ಮೇಲೆ ತೋರಿಸುತ್ತಿತ್ತು. ಬೆಲ್ಟ್ ಸವೆದು ಕಾಲುವೆಯ ತಳಕ್ಕೆ ಇಳಿದಂತೆ ಚಿಕ್ಕ ಪುಲ್ಲಿಯೇ ಹೆಚ್ಚು ಪ್ರಭಾವಕ್ಕೊಳಗಾಗುವುದರಿಂದ ಮೀಟರ್ ಇನ್ನಷ್ಟು ಹೆಚ್ಚು ತೋರಿಸುತ್ತದೆ. ಸಡಿಲ ಬೆಲ್ಟ್ ಜಾರತೊಡಗಿದರೆ ಕಡಿಮೆ ತೋರಿಸುತ್ತದೆ. ಇಳಿಜಾರಿನಲ್ಲಿ ಅಪಾಯಕಾರಿಯಾದುದು ಈ ಎರಡನೆಯದು. ಮಳೆಯಲ್ಲಿ ಒದ್ದೆಯಾದ ಸಡಿಲ ಬೆಲ್ಟ್ ಕಿರುಗುಟ್ಟುವಾಗ ಮುಳ್ಳನ್ನು ನಂಬಬಾರದು.

ಇನ್ನೊಂದು ಸಣ್ಣ ಕಿರಿಕಿರಿ: ಚಳಿಯ ಬೆಳಗ್ಗೆ ಎಂಜಿನ್ ಹೊಡೆದ ಕೂಡಲೇ ಮೀಟರ್ ಏಳದೆ ಇರಬಹುದು. ಒಮ್ಮೆ ರೇಸ್ ಮಾಡಿ ಆಲ್ಟರ್ನೇಟರ್ ಚಾರ್ಜ್ ಕೊಡಲು ಆರಂಭಿಸಿದ ಮೇಲೆ ಮುಳ್ಳು ಜಿಗಿದು ನಿಲ್ಲುತ್ತದೆ. ಅದು ಮೀಟರಿನ ದೋಷವಲ್ಲ.

ಫ್ಲೈವೀಲಿನ ಹಲ್ಲು ಎಣಿಸುವ ಪಿಕಪ್

ಬೆಲ್ಟಿನ ಗೊಡವೆಯೇ ಬೇಡವೆಂದರೆ ಮ್ಯಾಗ್ನೆಟಿಕ್ ಪಿಕಪ್ ಇದೆ. ಬೋಲ್ಟಿನಾಕಾರದ ಈ ಪಿಕಪ್ಪನ್ನು ಬೆಲ್ ಹೌಸಿಂಗಿನಲ್ಲಿ (ಫ್ಲೈವೀಲು, ಕ್ಲಚ್ಚುಗಳನ್ನು ಮುಚ್ಚಿರುವ ಕವಚ) ಮರೆ, ಅಂದರೆ ತಿರುಪಿನ ಗೆರೆ, ಹೊಡೆದ ತೂತಿಗೆ ತಿರುಗಿಸಿದರೆ, ಫ್ಲೈವೀಲಿನ ಸುತ್ತ ಇರುವ, ಸ್ಟಾರ್ಟರ್ ಕಚ್ಚುವ ರಿಂಗ್ ಗೇರಿನ ಪ್ರತಿ ಹಲ್ಲೂ ಅದರ ಮುಂದೆ ಹಾದುಹೋಗುವಾಗ ಒಂದು ಮಿಡಿತ ಹುಟ್ಟುತ್ತದೆ. ರಿಂಗ್ ಗೇರಿಗೆ 129 ಹಲ್ಲಿದ್ದರೆ ಸುತ್ತಿಗೆ 129 ಮಿಡಿತ. 600 ಆರ್‌ಪಿಎಂನಲ್ಲಿ ಸೆಕೆಂಡಿಗೆ 1290. ಜಾರುವುದಿಲ್ಲ, ಸವೆಯುವುದಿಲ್ಲ, ಹಲ್ಲಿನ ಲೆಕ್ಕ ಎಂದಿಗೂ ಬದಲಾಗುವುದಿಲ್ಲ. ದೊಡ್ಡ ಜನರೇಟರುಗಳಲ್ಲಿ ಇದನ್ನೇ ಬಳಸುತ್ತಾರೆ.

ಆದರೆ ಬೆಲ್ ಹೌಸಿಂಗನ್ನು ಕೊರೆಯಬೇಕು. ಗೇರ್ ಬಾಕ್ಸ್ ಇಳಿಸದೆ ಕೊರೆದರೆ ಲೋಹದ ಪುಡಿ ಒಳಗೆ ಬಿದ್ದು ಕ್ಲಚ್ಚಿನೊಳಗೆ ಸೇರುತ್ತದೆ; ಡ್ರಿಲ್ ಸ್ವಲ್ಪ ಆಳಕ್ಕೆ ಹೋದರೆ ಹಲ್ಲಿಗೇ ತಾಗುತ್ತದೆ. ಹೀಗಾಗಿ ಇದಕ್ಕಾಗಿಯೇ ಗೇರ್ ಬಾಕ್ಸ್ ಇಳಿಸುವುದು ದುಂದು ಎಂಬುದು ನನ್ನ ಅಭಿಪ್ರಾಯ. ಕ್ಲಚ್ ಪ್ಲೇಟ್ ಬದಲಿಸುವ ದಿನ ಹೇಗೂ ಅದು ಕೆಳಗೆ ಬರುತ್ತದೆ. ಆ ದಿನ ಹೌಸಿಂಗನ್ನು ಲೇತ್ ಅಂಗಡಿಗೆ ಒಯ್ದು ತೂತು ಹಾಕಿಸಿ ಮರೆ ಹೊಡೆಸಿಕೊಂಡರೆ ಹೆಚ್ಚುವರಿ ಖರ್ಚು ಅಲ್ಪವೇ. ರಿಂಗ್ ಗೇರಿನ ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತಿಟ್ಟು ಹಲ್ಲುಗಳನ್ನು ಎಣಿಸುವ ಅವಕಾಶವೂ ಅಂದೇ ಸಿಗುವುದು. ಇಬ್ಬರು ಬೇರೆಬೇರೆಯಾಗಿ ಎಣಿಸಿ ಸಂಖ್ಯೆ ಒಂದೇ ಬಂದ ಮೇಲೆ ಬರೆದಿಟ್ಟುಕೊಳ್ಳಬೇಕು. ತೂತು ಕೊರೆಸುವ ಮುನ್ನ ಹೌಸಿಂಗಿನಲ್ಲಿ ಪ್ಲಗ್ ಹಾಕಿ ಮುಚ್ಚಿದ ಹಳೆಯ ತೂತೇನಾದರೂ ಹಲ್ಲಿನ ಎದುರಿಗೇ ಇದೆಯೇ ಎಂದು ನೋಡುವುದನ್ನು ಮರೆಯಬಾರದು.

ಪಿಕಪ್ ಕೂರಿಸುವಾಗಿನ ಒಂದು ಹೆಜ್ಜೆಯನ್ನು ತಾಳ್ಮೆಯಿಂದ ಮಾಡಬೇಕು. ತೂತಿನಲ್ಲಿ ಟಾರ್ಚ್ ಬಿಟ್ಟು ನೋಡುತ್ತ, ಎಂಜಿನ್ನನ್ನು ಕೈಯಿಂದ ತಿರುಗಿಸಿ, ಒಂದು ಹಲ್ಲಿನ ತಲೆ ತೂತಿನ ನಟ್ಟನಡುವೆ ಬರುವಂತೆ ನಿಲ್ಲಿಸಬೇಕು. ಎರಡು ಹಲ್ಲುಗಳ ನಡುವಿನ ಸಂದಿಗೆ ಪಿಕಪ್ ಇಳಿಸಿದರೆ ಸ್ಟಾರ್ಟ್ ಮಾಡಿದ ಕ್ಷಣದಲ್ಲೇ ಮುಂದಿನ ಹಲ್ಲು ಅದರ ತುದಿಯನ್ನು ಕತ್ತರಿಸಿಹಾಕುತ್ತದೆ. ಹಲ್ಲು ಎದುರಿಗೆ ಬಂದ ಮೇಲೆ ಪಿಕಪ್ಪನ್ನು ಬೆರಳಿನಿಂದಲೇ ಮೆಲ್ಲಗೆ ತಿರುಗಿಸಿ ಹಲ್ಲಿಗೆ ತಾಗಿಸಿ, ಅಲ್ಲಿಂದ ಅರ್ಧ ಸುತ್ತಿನಿಂದ ಮುಕ್ಕಾಲು ಸುತ್ತು ಹಿಂದಕ್ಕೆ ತಂದು ಲಾಕ್ ನಟ್ ಬಿಗಿಯಬೇಕು. ಮರೆಯ ಅಂತರ ಒಂದೂವರೆ ಮಿ.ಮೀ. ಇದ್ದರೆ ಅರ್ಧ ಸುತ್ತಿಗೆ ಮುಕ್ಕಾಲು ಮಿ.ಮೀ. ಅಂತರ ಸಿಗುತ್ತದೆ. ಇದರ ಎರಡು ವೈರುಗಳನ್ನು ಒಂದಕ್ಕೊಂದು ಹೊಸೆದು, ಜಾಲರಿ ಹೊದಿಕೆಯ ಕೇಬಲಿನಲ್ಲೇ ತರಬೇಕು. ಜಾಲರಿಯನ್ನು ಒಂದು ತುದಿಯಲ್ಲಿ ಮಾತ್ರ ಅರ್ತ್ ಮಾಡಬೇಕು.

ಉಳಿದ ದಾರಿಗಳು

ನಿಜವಾದ ಡೈನಮೋ ಇರುವ ಲಾರಿಗೆ ಡಬ್ಲ್ಯು ತುದಿಯ ಮಾತೇ ಇಲ್ಲ. ಅಂಥವರು ಕಾರ್ಖಾನೆಗಳಲ್ಲಿ ಬಳಸುವ, ಲೋಹ ಹತ್ತಿರ ಬಂದುದನ್ನು ಗುರುತಿಸುವ ಪ್ರಾಕ್ಸಿಮಿಟಿ ಸೆನ್ಸರನ್ನು ಎಂಜಿನ್ನಿನ ಮುಂದಿನ ಪುಲ್ಲಿಯ ಬೋಲ್ಟಿನ ತಲೆಗಳ ಎದುರಿಗೆ ದಪ್ಪ ಪಟ್ಟಿಯ ಬ್ರಾಕೆಟಿನಲ್ಲಿ ಕೂರಿಸಿಕೊಳ್ಳಬಹುದು. ಕೆಸರು, ನೀರಿಗೆ ಅದು ಜಗ್ಗುವುದಿಲ್ಲ. ಆದರೆ ಬ್ರಾಕೆಟ್ ನಡುಗಿದರೆ ಮುಳ್ಳೂ ನಡುಗುತ್ತದೆ. ತೆಳು ತಗಡಿನದು ನಡೆಯದು.

ಕೆಲವು ಹಳೆಯ ಎಂಜಿನ್‌ಗಳಲ್ಲಿ ಕೇಬಲ್ ಹೊರಡುವ ಜಾಗ ಮೂಲದಲ್ಲೇ ಇರುತ್ತದೆ. ಸ್ಪೀಡೋಮೀಟರಿನಂತೆ ಓಡುವ ಯಾಂತ್ರಿಕ ಮೀಟರಿಗೆ ಬ್ಯಾಟರಿಯೂ ಬೇಡ, ಲೆಕ್ಕವೂ ಬೇಡ. ಕೇಬಲ್ ಎಂಜಿನ್ನಿನಷ್ಟೇ ವೇಗದಲ್ಲಿ ತಿರುಗುತ್ತದೆಯೇ, ಅರ್ಧ ವೇಗದಲ್ಲೇ ಎಂಬುದು ಮೀಟರಿನ ಮೇಲಿನ ಗುರುತಿಗೆ ಹೊಂದಬೇಕಷ್ಟೆ. ಮೂತಿ ಮುಂದಿರುವ ಲಾರಿಗೆ ಇದು ಚೆಂದ. ಚಪ್ಪಟೆ ಕ್ಯಾಬಿನ್ನಿನ ಲಾರಿಯಲ್ಲಿ ಕೇಬಲ್ ಬಿಗಿಯಾಗಿ ಬಾಗಿ ಪದೇಪದೇ ತುಂಡಾಗುತ್ತದೆ.

ನಾಜಲ್ ಪೈಪಿಗೆ ಕಚ್ಚಿಸುವ ಕ್ಲಿಪ್ ಇನ್ನೊಂದು ಬಗೆ. ಡೀಸೆಲ್ ಒತ್ತಡ ಏರಿದಾಗ ಪೈಪು ಕೂದಲೆಳೆಯಷ್ಟು ಉಬ್ಬುವುದನ್ನು ಅದು ಗ್ರಹಿಸುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಂದೇ ಮಿಡಿತ. ಗ್ಯಾರೇಜಿನಲ್ಲಿ ಪರೀಕ್ಷೆ ಮಾಡಲು ಅದು ಸಾಧನ. ಇಳಿಜಾರಿನಲ್ಲಿ ಆಕ್ಸಿಲೇಟರ್ ಬಿಟ್ಟು ಪಂಪ್ ಡೀಸೆಲ್ ನಿಲ್ಲಿಸಿದೊಡನೆ ಮಿಡಿತವೂ ನಿಲ್ಲುವುದರಿಂದ, ನಮಗೆ ಮೀಟರ್ ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ. ಘಾಟಿಯ ಲಾರಿಗೆ ಅದನ್ನು ಕಾಯಂ ಆಗಿ ಹಾಕಬಾರದು. ಅಂಕಿ ಮಾತ್ರ ತೋರಿಸುವ ಡಿಜಿಟಲ್ ಮೀಟರಿನ ಬಗ್ಗೆಯೂ ನನಗೆ ಒಲವಿಲ್ಲ: ತಿರುವಿನಲ್ಲಿ ಓರೆಗಣ್ಣಿಗೆ ಮುಳ್ಳಿನ ಇಳುಕಲು ಕಾಣುತ್ತದೆ, ಅಂಕಿಯನ್ನು ಮಾತ್ರ ಓದಲೇಬೇಕಾಗುತ್ತದೆ, ಬಿಸಿಲು ಬಿದ್ದರೆ ಅದೂ ಆಗದು.

ಹೀಗಾಗಿ ನನ್ನ ಸಲಹೆ ಇಷ್ಟು. ಆಲ್ಟರ್ನೇಟರ್ ಗಟ್ಟಿಯಾಗಿದ್ದರೆ ಇಂದು ಡಬ್ಲ್ಯು ತುದಿಯಿಂದ ಆರಂಭಿಸಿ. ಆದರೆ ಪಿಕಪ್ಪಿಗೂ ಒಗ್ಗುವ, ಮಿಡಿತದ ಸಂಖ್ಯೆಯನ್ನು ನೂರರ ಮೇಲೂ ಹೊಂದಿಸಬಹುದಾದ ಮೀಟರನ್ನೇ ಕೊಳ್ಳಿ. ಮುಂದೆ ಕ್ಲಚ್ ಪ್ಲೇಟ್ ಹಾಕಿಸುವ ದಿನ ಪಿಕಪ್ ಕೂರಿಸಿ ಅದೇ ಮೀಟರಿಗೆ ಜೋಡಿಸಿಕೊಳ್ಳಬಹುದು. ವಾರಕ್ಕೆ ಹಲವು ಸಲ ತೂಕ ಹೇರಿಕೊಂಡು ಘಾಟಿ ಇಳಿಯುವವರಿಗೆ ಇದು ಹೆಚ್ಚು ಅನ್ವಯಿಸುತ್ತದೆ. ಕಡೂರು, ಅರಸೀಕೆರೆ ಕಡೆಯ ಬಯಲಿನಲ್ಲಿ ತೆಂಗಿನಕಾಯಿ ಹೊರುವ ಲಾರಿಗೆ ಡಬ್ಲ್ಯು ತುದಿಯೇ ಕೊನೆಯವರೆಗೂ ಸಾಕು.

ಜೋಡಣೆ

ಮೊದಲು ಬ್ಯಾಟರಿಯ ಅರ್ತ್ ಬಿಚ್ಚಿಡಬೇಕು. ಮೀಟರಿಗೆ ಸಾಮಾನ್ಯವಾಗಿ ನಾಲ್ಕು ವೈರುಗಳು: ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಪಾಸಿಟಿವ್, ಅರ್ತ್, ಮಿಡಿತದ ವೈರ್, ಒಳದೀಪದ ವೈರ್. ಪಾಸಿಟಿವ್ ವೈರಿಗೆ ಮೂಲದ ಹತ್ತಿರವೇ ಎರಡು ಅಥವಾ ಮೂರು ಆಂಪಿನ ಫ್ಯೂಸ್ ಇರಲಿ. ಅರ್ತ್ ವೈರನ್ನು ಡ್ಯಾಶ್‌ಬೋರ್ಡಿನ ತುಕ್ಕು ಹಿಡಿದ ಸ್ಕ್ರೂವಿಗೆ ಸಿಕ್ಕಿಸದೆ, ಬಣ್ಣ ಕೆರೆದು ಹೊಳಪು ಬರಿಸಿದ ಜಾಗಕ್ಕೆ ಬೋಲ್ಟ್ ಮಾಡಿ ಮೇಲೆ ಗ್ರೀಸ್ ಸವರಬೇಕು. ಮುಳ್ಳು ಕುಣಿಯುತ್ತದೆ ಎಂಬ ದೂರಿನೊಂದಿಗೆ ಬರುವ ಮೀಟರುಗಳಲ್ಲಿ ಮೊದಲು ನೋಡಬೇಕಾದದ್ದು ಇದೇ ಅರ್ತ್. ಒಳದೀಪ ಪಾರ್ಕಿಂಗ್ ಲೈಟಿನ ವೈರಿನಿಂದ.

ಎಂಜಿನ್ ಕಡೆಯ ವೈರ್ ಸೈಲೆನ್ಸರ್ ಪೈಪಿನಿಂದ ಗೇಣುದ್ದವಾದರೂ ದೂರವಿರಬೇಕು, ತಗಡಿನ ತೂತು ದಾಟುವಲ್ಲಿ ಗ್ರಾಮೆಟ್ ಇರಬೇಕು, ಕ್ಯಾಬಿನ್ ಎತ್ತುವ ಲಾರಿಯಾದರೆ ಎತ್ತಿದಾಗ ಎಳೆಯದಷ್ಟು ಸಡಿಲ ಬಿಟ್ಟಿರಬೇಕು. ಮಲೆನಾಡಿನ ಮಳೆಗೆ ತಿರುಚಿ ಟೇಪ್ ಸುತ್ತಿದ ಜೋಡಣೆ ಒಂದು ಮಳೆಗಾಲವನ್ನೂ ದಾಟುವುದಿಲ್ಲ. ನಮ್ಮದು ಆಗಸ್ಟಿನಲ್ಲಿ ಕೈಕೊಟ್ಟಿತು. ಟೇಪ್ ಬಿಚ್ಚಿ ನೋಡಿದರೆ ತಾಮ್ರದ ಎಳೆಗಳು ಹಸಿರು ಪುಡಿಯಾಗಿದ್ದವು. ಬೆಸೆದು, ಬಿಸಿಗೆ ಕುಗ್ಗುವ ಕೊಳವೆ ಹಾಕುವುದೇ ಸರಿ.

ಅಂಕಿ ಹೊಂದಿಸುವುದಕ್ಕೆ ಪುಲ್ಲಿ ಅಳೆಯುವ ತಾಪತ್ರಯವೇ ಬೇಡ. ಬೆಳಕು ಬಿಟ್ಟು ವೇಗ ಅಳೆಯುವ ಕೈಮೀಟರನ್ನೂ, ಹರ್ಟ್ಸ್ ತೋರಿಸುವ ಮಲ್ಟಿಮೀಟರನ್ನೂ ಗ್ಯಾರೇಜಿನಿಂದ ಒಂದು ಗಂಟೆಗೆ ತಂದುಕೊಳ್ಳಿ. ಎಂಜಿನ್ ನಿಲ್ಲಿಸಿ, ಮುಂದಿನ ಪುಲ್ಲಿಯ ಜಿಡ್ಡನ್ನು ಒರೆಸಿ, ಬೆರಳಗಲದ ಹೊಳೆಯುವ ಟೇಪಿನ ಒಂದೇ ಒಂದು ತುಂಡನ್ನು ಅಂಟಿಸಿ. ಸ್ಟಾರ್ಟ್ ಮಾಡಿ, ಫ್ಯಾನಿನಿಂದ ಕೈ ದೂರವಿಟ್ಟು ಕೆಂಪು ಚುಕ್ಕೆಯನ್ನು ಪುಲ್ಲಿಯ ಮೇಲೆ ಹಿಡಿದರೆ ನಿಜವಾದ ಆರ್‌ಪಿಎಂ ಕಾಣುತ್ತದೆ. ಒಬ್ಬರು ಆಕ್ಸಿಲೇಟರನ್ನು 1500ರಲ್ಲಿ ಹಿಡಿದಿರುವಾಗ ಇನ್ನೊಬ್ಬರು ಡಬ್ಲ್ಯು ತುದಿಯ ಹರ್ಟ್ಸ್ ಓದಲಿ. ಅದನ್ನು 60ರಿಂದ ಗುಣಿಸಿ 1500ರಿಂದ ಭಾಗಿಸಿದರೆ ಬರುವುದೇ ಸುತ್ತಿಗೆ ಎಷ್ಟು ಮಿಡಿತ ಎಂಬ ಸಂಖ್ಯೆ. ನಮಗೆ 389 ಹರ್ಟ್ಸ್ ಬಂತು, ಅಂದರೆ 15.56. ಆ ಸಂಖ್ಯೆಗೆ ಹೊಂದಿಸಿ, ಐಡಲ್‌ನಲ್ಲೂ 2200ರ ಆಸುಪಾಸಿನಲ್ಲೂ ಮತ್ತೊಮ್ಮೆ ಹೋಲಿಸಿ ನೋಡಬೇಕು. ಕೆಳಗೆ ಸರಿಯಿದ್ದು ಮೇಲೆ ಮಾತ್ರ ಕಡಿಮೆ ತೋರಿಸಿದರೆ ಬೆಲ್ಟ್ ಜಾರುತ್ತಿದೆ ಎಂದರ್ಥ. ಮೀಟರಿನ ಸ್ಕ್ರೂ ಮುಟ್ಟದೆ ಬೆಲ್ಟ್ ಬಿಗಿಯಬೇಕು. ಹೊಸ ಬೆಲ್ಟ್ ಹಾಕಿದಾಗ ಮತ್ತು ಆಲ್ಟರ್ನೇಟರಿನ ಪುಲ್ಲಿ ಬದಲಿಸಿದಾಗ ಈ ಪರೀಕ್ಷೆಯನ್ನು ಮತ್ತೆ ಮಾಡಬೇಕಾಗುತ್ತದೆ.

ಕೊನೆಗೆ ಮೀಟರಿನ ಗಾಜಿನ ಮೇಲೆ, ಗವರ್ನರ್ ಮಿತಿಯ ಎದುರಿಗೆ, ಕೆಂಪು ಟೇಪಿನ ಎಳೆಯೊಂದನ್ನು ಅಂಟಿಸಿಕೊಂಡೆವು. ಮೀಟರನ್ನು ಅದರ ಹಿಡಿಕೆಯಲ್ಲಿ ತುಸು ತಿರುಗಿಸಿ, ಆ ಗೆರೆ ನೇರ ಮೇಲಕ್ಕೆ, ಗಡಿಯಾರದ ಹನ್ನೆರಡರ ಜಾಗಕ್ಕೆ ಬರುವಂತೆ ಬಿಗಿದಿದ್ದೇವೆ. ಮುಳ್ಳು ನೆಟ್ಟಗೆ ನಿಂತರೆ ಬ್ರೇಕ್ ಒತ್ತಿ ಗಾಡಿಯ ವೇಗ ಇಳಿಸಬೇಕು ಎಂಬುದು ನಮ್ಮ ಲಾರಿಯಲ್ಲಿ ಕ್ಲೀನರಿಗೂ ಗೊತ್ತು.